ಹೊಳೆಯ ಹಬ್ಬ ಬೇಸಗೆಯಲ್ಲಿ ಆಗಲಿ

(ಮಲಪ್ರಭೆಯ ದಂಡೆಯ ಊರುಗಳಲ್ಲಿ ನದಿ ಹಬ್ಬ ನಡೆಸುವ ಕುರಿತು, ಮೇಲ್ದಂಡೆಯ ಹಳ್ಳಿಗರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ದಂಡೆಯ ಮೇಲೆ ಮಲಪ್ರಭೆಗೆ ಒಂದು ಹಬ್ಬ ಮಾಡಬೇಕು, ಅದರಲ್ಲಿ ಹಾಡು, ಆಟ, ಚಿತ್ರಗಳೆಲ್ಲವೂ ಇರಬೇಕು ಎಂಬ ನಿಮ್ಮ ವಿಚಾರವನ್ನು ಕೇಳಿದಾಗ ಸಂತೋಷವಾಯಿತು. ಅದರ ಹಿಂದೆಯೇ ಅಳುಕೂ ಆಯಿತು. ನಮ್ಮ ಬಯಲುಸೀಮೆಯಲ್ಲಿ ಉತ್ಸವಗಳಿಗೆ ಕೊರತೆಯಿಲ್ಲ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಕಿತ್ತೂರು ಉತ್ಸವವಿದೆ. ಜನವರಿಯಲ್ಲಿ ಸಂಗೊಳ್ಳಿ ಉತ್ಸವವಿದೆ. ಅವು ಇರಬೇಕಾದವೇ. ಆದರೆ ಅವುಗಳ ಅಚ್ಚಿನಲ್ಲಿಯೇ ಇನ್ನೊಂದನ್ನು ಎರಕ ಹೊಯ್ದು, ಪೆಂಡಾಲು ಹಾಕಿ, ಹಾರ ಹಾಕಿ, ಮರುದಿನ ಪ್ಲಾಸ್ಟಿಕ್ ಲೋಟಗಳನ್ನು ಹೊಳೆಯ ಪಾಲಿಗೆ ಬಿಟ್ಟು ಬರುವುದಾದರೆ, ಅಂತಹ ಹಬ್ಬವಿಲ್ಲದೆಯೂ ಮಲಪ್ರಭೆ ಹೇಗೋ ಬದುಕಿಕೊಂಡಾಳು.

ಆದುದರಿಂದ ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು: ಹೊಳೆಯ ಹಬ್ಬವನ್ನು ಹೊಳೆ ತುಂಬಿದಾಗ ಮಾಡಬೇಡಿರಿ, ಬತ್ತಿದಾಗ ಮಾಡಿರಿ, ದಂಡೆಯ ಮೇಲಲ್ಲ, ಪಾತ್ರದೊಳಗೇ ಮಾಡಿರಿ. ಇದು ವಿಚಿತ್ರವಾಗಿ ಕೇಳಿಸೀತು. ಕಾರಣಗಳನ್ನು ವಿವರಿಸಲು ಅವಕಾಶ ಕೊಡಿರಿ.

ನಮ್ಮ ಹಿರಿಯರ ನೀರಿನ ಹಬ್ಬಗಳೆಲ್ಲ ಮಳೆಗಾಲಕ್ಕೆ ಸೇರಿದವು. ಅವು ಹೆಚ್ಚಾಗಿ ಮಣ್ಣಿನ ಹಬ್ಬಗಳು. ಮುಂಗಾರು ಹಿಡಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೆ ಜೋಕುಮಾರ. ಹೊಲದ, ಕೆರೆಯ, ಹೊಳೆದಂಡೆಯ ಹಸಿಮಣ್ಣನ್ನು ತಂದು, ಕಲಸಿ, ಮೂರ್ತಿ ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಪೂಜಿಸಿ ಮತ್ತೆ ನೀರಿಗೆ ಅಥವಾ ನೆಲಕ್ಕೆ ಒಪ್ಪಿಸುವುದು. ಇವುಗಳಲ್ಲಿ ಯಾವುದನ್ನೂ ಬೆಂಕಿಯಲ್ಲಿ ಸುಡುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸುಟ್ಟ ಮಣ್ಣು ಕರಗದು, ಹಸಿಮಣ್ಣು ಕರಗುತ್ತದೆ. ಮೂರ್ತಿ ಮಾಡಿದ ಕೈಗೆ ಅದು ಹಿಂದಿರುಗಿ ಹೋಗಬೇಕಾದ ದಾರಿಯೂ ತಿಳಿದಿತ್ತು. ಅಂಬಿಗರ ಹೆಣ್ಣುಮಕ್ಕಳು ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗಿ, ಹುಣ್ಣಿಮೆಯ ಹೊತ್ತಿಗೆ ಅವನನ್ನು ಅಗಸರ ಬಂಡೆಯ ಬಳಿ ಬಿಟ್ಟು ಬರುತ್ತಿದ್ದರು. ಅಂಬಿಗರೂ ಅಗಸರೂ ಕುಂಬಾರರೂ ಇಲ್ಲದೆ ಈ ಹಬ್ಬಗಳ ಸರಪಳಿ ಪೂರ್ತಿಯಾಗುತ್ತಿರಲಿಲ್ಲ. ಅವರೆಲ್ಲ ಹೊಳೆಯಿಂದ ಹೊಟ್ಟೆ ಹೊರೆದವರು. ಹೊಳೆ ಕೆಟ್ಟರೆ ಮೊದಲು ತಿಳಿಯುತ್ತಿದ್ದುದೂ ಅವರಿಗೇ.

ಈಗ ಗಣಪ್ಪನಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂದಿದೆ, ಬಣ್ಣದ ರಾಸಾಯನಿಕ ಬಂದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ಅದನ್ನು ಪರಿಷ್ಕರಿಸಿತು. ಕಾಗದದ ಮೇಲೆ ಬಂದ ನಿಯಮವನ್ನು ಗುಳ್ಳವ್ವನ ಹಾಡು ಹಾಡುವ ನಮ್ಮ ಅಜ್ಜಿಯರು ಓದದೆಯೇ ಪಾಲಿಸುತ್ತಿದ್ದರು. ಅದಿರಲಿ.

ಮಳೆಗಾಲಕ್ಕೆ ಇಷ್ಟು ಹಬ್ಬಗಳಿವೆ. ಜಲಾಶಯ ತುಂಬಿದ ವರ್ಷ ಬಾಗಿನ ಅರ್ಪಿಸಲು ಗಣ್ಯರೂ ಬರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರಗಳೂ ಬರುತ್ತವೆ. ತುಂಬಿದವಳಿಗೆ ಉಡಿ ತುಂಬುವವರು ಬಹಳ. ಬೇಸಗೆಯಲ್ಲಿ, ಅವಳ ಎಲುಬು ಕಾಣಿಸುವಾಗ, ಬಳಿಗೆ ಹೋಗಿ ಕೂಡುವವರು ಯಾರು? ಮರಳು ತುಂಬುವ ಟ್ರ್ಯಾಕ್ಟರುಗಳು ಮಾತ್ರ.

ಸವದತ್ತಿಯ ಎಲ್ಲಮ್ಮನ ಕಥೆ ನಿಮಗೆಲ್ಲ ಗೊತ್ತು. ಜಮದಗ್ನಿಯ ಪತ್ನಿಯಾದ ರೇಣುಕೆ ದಿನವೂ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹೊಳೆಯ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ, ನೀರು ಹೊತ್ತು ತರುತ್ತಿದ್ದಳಂತೆ. ಒಂದು ದಿನ ಮನಸ್ಸು ಚಂಚಲವಾದುದರಿಂದ ಮರಳು ಕೊಡವಾಗಲಿಲ್ಲ. ಅಲ್ಲಿಂದ ಅವಳ ದುಃಖದ ಕಥೆ ಆರಂಭ. ಈ ಕಥೆಯನ್ನು ಪಾತಿವ್ರತ್ಯದ ಕಥೆಯೆಂದು ಹೇಳುತ್ತ ಬಂದಿದ್ದೇವೆ. ಆ ಅರ್ಥದ ಬಗ್ಗೆ ನನಗೆ ತಕರಾರುಗಳಿವೆ. ಒಬ್ಬ ಹೆಣ್ಣಿನ ಮನಸ್ಸನ್ನು ಕೊಡದಿಂದ ಅಳೆಯುವುದು ನ್ಯಾಯವಲ್ಲ. ಆದರೆ ಇದರೊಳಗೆ ಹೊಳೆಯ ತಿಳಿವಳಿಕೆಯೊಂದಿದೆ. ಮರಳೇ ಹೊಳೆಯ ಕೊಡ. ಮಳೆಗಾಲದ ನೀರನ್ನು ಮರಳು ತನ್ನ ಕಾಳುಗಳ ನಡುವೆ ಹಿಡಿದಿಟ್ಟು, ಬೇಸಗೆಯಲ್ಲಿ ಒರತೆಯಾಗಿ ಕೊಡುತ್ತದೆ. ಮೇಲೆ ಹರಿವು ನಿಂತಾಗ ಹೆಣ್ಣುಮಕ್ಕಳು ಪಾತ್ರದಲ್ಲಿ ಮೊಳದಷ್ಟು ತೋಡಿ ತಿಳಿನೀರು ತುಂಬಿಕೊಳ್ಳುತ್ತಿದ್ದರು. ದಂಡೆಯ ಬಾವಿಗಳ ಸೆಲೆಯೂ ಆ ಮರಳಿನಿಂದಲೇ. ಮರಳು ಹೋದಲ್ಲಿ ಅಡಿಯ ಕಲ್ಲು, ಜೇಡಿ ಉಳಿಯುತ್ತವೆ. ಬಂದ ನೀರು ನಿಲ್ಲದೆ ಓಡುತ್ತದೆ. ಇಂದು ರೇಣುಕೆ ಹೊಳೆಗೆ ಬಂದರೆ ಅವಳ ಮನಸ್ಸು ಎಷ್ಟೇ ನಿಶ್ಚಲವಾಗಿದ್ದರೂ ಕೊಡ ಮಾಡಲು ಮರಳನ್ನು ಎಲ್ಲಿಂದ ತರಬೇಕು? ಇದನ್ನು ಚೌಡಿಕೆಯವರು ಹಾಡಬೇಕು. ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರು ನನ್ನ ಭಾಷಣವನ್ನು ಕೇಳುವುದಿಲ್ಲ, ಚೌಡಿಕೆಯ ಪದವನ್ನು ಕೇಳುತ್ತಾರೆ.

ಇನ್ನು ರಾಮದುರ್ಗಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಅಲ್ಲಿದೆ.

ಮಲಪ್ರಭೆ ನಿಮ್ಮ ಕಣಕುಂಬಿಯ ಮಾವುಲಿ ಗುಡಿಯ ಬಳಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ 304 ಕಿಲೋಮೀಟರ್ ಹರಿಯುತ್ತಾಳೆ. ಖಾನಾಪುರವನ್ನು ದಾಟಿ, ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವನ್ನು ಮುಟ್ಟಿ, ರಾಯಣ್ಣನ ಸಂಗೊಳ್ಳಿಯನ್ನು ಬಳಸಿ, ಸವದತ್ತಿಯ ಬಳಿ ಬೆಟ್ಟಸಾಲನ್ನು ಸೀಳಿಕೊಂಡು ಹೊರಬೀಳುತ್ತಾಳೆ. ಅಡ್ಡ ನಿಂತ ಬೆಟ್ಟವನ್ನು ಕಂಡು ಹೊಳೆ ತಡೆದಾಗ, ಮೇಲೆ ಕುಳಿತ ನವಿಲೊಂದು ಅಣಕಿಸಿತಂತೆ. ರೊಚ್ಚಿಗೆದ್ದ ಹೊಳೆ ಬೆಟ್ಟವನ್ನೇ ಒಡೆದು ನುಗ್ಗಿತಂತೆ. ಅದು ನವಿಲುತೀರ್ಥದ ಕಥೆ. ಆ ಕಮರಿಗೇ ಅಣೆಕಟ್ಟು ಕಟ್ಟಿದರು. 1970ರ ದಶಕದ ಆರಂಭದಲ್ಲಿ ನೀರು ನಿಂತಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಸಾಮರ್ಥ್ಯ 37.73 ಟಿಎಂಸಿ ಅಡಿ. ಎಡ ಬಲ ಕಾಲುವೆಗಳು ಹರಿದವು, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಯಿತು. ಕಾಲುವೆಯ ನೀರು ಸರಿಯಾಗಿ ಬಾರದೆ ಕರ ಮಾತ್ರ ಬಂದಾಗ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಬಂಡೆದ್ದರು, ಗುಂಡಿಗೆ ಬಲಿಯಾದರು. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಅಂದಿನಿಂದ ಇಂದಿನವರೆಗೆ ನಮ್ಮ ಚರ್ಚೆಯೆಲ್ಲ ಕಾಲುವೆಯದು, ಪಾಲಿನದು, ಟಿಎಂಸಿಯದು. ಹೊಳೆ ಎಂಬ ಮಾತೇ ಹಿಂದೆ ಸರಿಯಿತು.

ಅಣೆಕಟ್ಟಿನ ಕೆಳಗೆ ಏನಾಯಿತು ನೋಡಿರಿ. ಮಳೆ ಕಡಿಮೆಯಾದ ವರ್ಷಗಳಲ್ಲಿ ನೀರು ಕೆಳಗೆ ಬಿಡಲೇ ಇಲ್ಲ. ಪಾತ್ರದಲ್ಲಿ ಜಾಲಿ ಬೆಳೆಯಿತು, ಹೂಳು ಕೂತಿತು. ಹೂಳೆಂದರೆ ಫಲವತ್ತಾದ ಮಣ್ಣು. ದಂಡೆಯ ಹೊಲದವನು ಒಂದು ವರ್ಷ ಎರಡು ಸಾಲು ಮುಂದೆ ಬಿತ್ತಿದ, ಮರುವರ್ಷ ಇನ್ನೆರಡು ಸಾಲು. ಹೊಳೆ ಎದ್ದು ಬಂದು ಬದುವನ್ನು ಒಡೆಯಲಿಲ್ಲವಾದುದರಿಂದ ಆ ಬದುವೇ ದಂಡೆಯಾಯಿತು. ಎಲ್ಲರೂ ದುರಾಸೆಯಿಂದಲೇ ಮಾಡಿದರೆಂದು ನಾನು ಹೇಳುವುದಿಲ್ಲ. ತುಂಬಿ ಹರಿಯುವ ಹೊಳೆಯನ್ನು ಎಂದೂ ನೋಡದೆ ಬೆಳೆದ ಹುಡುಗನಿಗೆ ಅದರ ಅಗಲ ತಿಳಿಯುವುದಾದರೂ ಹೇಗೆ? 2009ರ ಅಕ್ಟೋಬರಿನ ಮಹಾಪೂರ ಒಮ್ಮೆ ತೋರಿಸಿಕೊಟ್ಟಿತು. ಅದೂ ಮರೆತುಹೋಯಿತು.

2019ರ ಆಗಸ್ಟಿನಲ್ಲಿ ನಿಮ್ಮ ಖಾನಾಪುರದ ಕಾಡುಗಳ ಮೇಲೆ ಸುರಿದ ಮಳೆ ಕೆಲವೇ ದಿನಗಳಲ್ಲಿ ಜಲಾಶಯವನ್ನು ತುಂಬಿಸಿತು. ಕಟ್ಟೆಯಿಂದ ನೀರು ಬಿಡುವುದು ಅನಿವಾರ್ಯವಾಯಿತು. ಹೊಳೆ ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬಂದಿತು. ರಾಮದುರ್ಗದ ಓಣಿಗಳಿಗೆ, ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ರಾಮದುರ್ಗ ನೇಕಾರರ ಊರು. ನೆಲದಲ್ಲಿ ಕುಣಿ ತೆಗೆದು, ಅದರೊಳಗೆ ಕಾಲಿಟ್ಟು ನೇಯುವ ಮಗ್ಗಗಳಿಗೆ ನೀರು ಹೊಕ್ಕರೆ ನೂಲು, ಹಾಸು, ನೇಯ್ದ ಸೀರೆ ಎಲ್ಲವೂ ಕೆಸರು. ಮನೆ ಬಿದ್ದವನಿಗೆ ಪರಿಹಾರದ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕೀತು. ಅರ್ಧ ನೇಯ್ದ ಸೀರೆಗೆ ಯಾವ ಪಟ್ಟಿಯಲ್ಲಿ ಜಾಗವಿದೆ? ಒತ್ತುವರಿಯಿಂದ ಹೊಳೆ ಕಿರಿದಾಗಿದೆಯೆಂದು ಆಗ ಎಲ್ಲರೂ ಬಹಿರಂಗವಾಗಿ ಮಾತನಾಡಿದರು. ನೀರು ಇಳಿದಂತೆ ಮಾತೂ ಇಳಿಯಿತು.

ಇಲ್ಲಿ ಕಲೆಗೆ ಕೆಲಸವಿದೆ ಎಂಬುದು ನನ್ನ ನಂಬಿಕೆ. ಬೈಲಹೊಂಗಲದಲ್ಲಿ ಹಿಂದೊಮ್ಮೆ ನಡೆದ ಕೊಲೆಯೊಂದು ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಯಿತು. ಅದರ ಕಡತ ಯಾವ ಕಚೇರಿಯಲ್ಲಿ ಗೆದ್ದಲು ತಿಂದಿದೆಯೋ ಕಾಣೆ. ಆದರೆ ಗೆಳೆತನಕ್ಕೆ ಎರಡು ಬಗೆದ ಆ ಕಥೆಯನ್ನು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯೂ ಬಲ್ಲುದು. ಒಂದು ಮನೆತನದ ದುರಂತವನ್ನು ಇಷ್ಟು ಕಾಲ ನೆನಪಿನಲ್ಲಿಟ್ಟ ಜನ ಒಂದು ಊರೇ ಮುಳುಗಿದ ಕಥೆಯನ್ನು ಏಕೆ ಆಟ ಕಟ್ಟಬಾರದು? ಹಿಮ್ಮೇಳವಿದೆ, ಹಾಡುವ ಕಂಠಗಳಿವೆ, ಸೋಗಿನವರಿದ್ದಾರೆ. ವಸ್ತುವೊಂದೇ ಬೇಕು.

ಈಗ ನಿಮಗೂ ನಮಗೂ ನಡುವಿನ ಕಷ್ಟದ ಮಾತು. ಕಳಸಾ-ಬಂಡೂರಿ ಎಂದೊಡನೆ ನಮ್ಮ ಕಡೆಯವರ ದನಿ ಏರುತ್ತದೆ, ನಿಮ್ಮ ಕಡೆಯವರ ಮುಖ ಬಾಡುತ್ತದೆ. ನಮಗೆ ನೀರಿನ ಚಿಂತೆ, ನಿಮಗೆ ಕಾಡಿನ ಚಿಂತೆ. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು, ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅನುಮತಿಸಿತು. ನಾನು ಬಯಲಿನವನು, ಬಾಯಾರಿದ ಊರಿಗೆ ನೀರು ಬೇಡವೆನ್ನಲಾರೆ. ಆದರೆ ಲೆಕ್ಕವನ್ನು ಮುಚ್ಚಿಡಲಾರೆ. 3.9 ಎಂದರೆ ಜಲಾಶಯದ ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಮಲಪ್ರಭೆಯ ಸ್ವಂತ ಜಲಾನಯನದಿಂದ, ಅಂದರೆ ಮುಖ್ಯವಾಗಿ ನಿಮ್ಮ ಕಾಡಿನಿಂದ ಇಳಿದು ಬರಬೇಕು. ಹತ್ತನೆಯ ಪಾಲಿಗಾಗಿ ನಮ್ಮವರು ವರ್ಷಗಟ್ಟಲೆ ಧರಣಿ ಕುಳಿತಿದ್ದಾರೆ. ಒಂಬತ್ತು ಪಾಲಿನ ಕಾಡನ್ನು ಕಾಯುವವರ ಊರಿಗೆ ಒಮ್ಮೆಯಾದರೂ ಬಂದು ಕುಳಿತಿದ್ದೇವೆಯೇ? ನಿಮ್ಮ ಊರಿಗೆ ಮಳೆಗಾಲದಲ್ಲಿ ಬಸ್ಸು ಬರುತ್ತದೆಯೇ ಎಂದು ಕೇಳಿದ್ದೇವೆಯೇ? ಅಂತೆಯೇ ದಂಡೆಯ ಊರುಗಳ ಚರಂಡಿಗಳು ಹೊಳೆಗೇ ಬೀಳುತ್ತವೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಗಳ ಪಟ್ಟಿಯಲ್ಲಿ ಮಲಪ್ರಭೆಯೂ ಇದ್ದಳು. ಮೇಲಿನ ಪೇಟೆಯ ಕೊಳೆ ಕೆಳಗಿನ ಊರಿನ ಕೊಡಕ್ಕೆ ಬರುತ್ತದೆ. ಇದನ್ನು ಪರಸ್ಪರ ಮುಖ ನೋಡಿ ಹೇಳಿಕೊಳ್ಳುವ ಜಾಗ ಬೇಕು.

ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ ಅರ್ವರಿ ಎಂಬ ಸಣ್ಣ ನದಿಯ ದಂಡೆಯ ಸುಮಾರು 70 ಹಳ್ಳಿಗಳು 1999ರಲ್ಲಿ ಸೇರಿ, ತಮ್ಮದೇ ಒಂದು ನದಿ ಸಂಸತ್ತನ್ನು ಕಟ್ಟಿಕೊಂಡವು. ಅವರು ಮೊದಲು ಜೋಹಡ್ ಎಂಬ ಒಡ್ಡುಗಳನ್ನು ಕಟ್ಟಿ ನೀರನ್ನು ಇಂಗಿಸಿದರು. ಸಂಸತ್ತು ಆಮೇಲೆ ಬಂದಿತು. ನಮಗೆ ಅಷ್ಟು ದೊಡ್ಡ ಹೆಸರು ಸದ್ಯ ಬೇಡ. ಒಂದು ಹಬ್ಬ ಸಾಕು.

ನನ್ನ ಮನಸ್ಸಿನಲ್ಲಿರುವ ಹಬ್ಬ ಹೀಗಿದೆ. ಚೈತ್ರದ ದವನದ ಹುಣ್ಣಿಮೆ. ಅಂದು ಎಲ್ಲಮ್ಮನ ಗುಡ್ಡಕ್ಕೆ ಭಕ್ತರು ಬರುತ್ತಾರೆ, ಹೊಳೆ ತೀರ ಇಳಿದಿರುತ್ತದೆ, ರಾತ್ರಿ ದೀಪದ ಖರ್ಚಿಲ್ಲ. ಹಗಲು ರಾಮದುರ್ಗದ ಬಳಿ ಪಾತ್ರದಲ್ಲಿ ನಡಿಗೆ. ವಯಸ್ಸಾದವರು ಮುಂದೆ ನಡೆದು, ಹಿಂದೆ ಹೊಳೆ ಎಲ್ಲಿಯವರೆಗೆ ಇತ್ತೆಂದು ಕೋಲೂರಿ ತೋರಿಸಲಿ. ಶಾಲೆಯ ಮಕ್ಕಳು ಅಲ್ಲಿ ಸುಣ್ಣದ ಗೆರೆ ಎಳೆಯಲಿ. ಗೆರೆಯ ಒಳಗೆ ಯಾರ ಹೊಲವಿದೆಯೆಂದು ಅಂದು ಯಾರೂ ಜಗಳ ತೆಗೆಯಬಾರದು. ಗೆರೆ ಕಂಡರೆ ಸಾಕು. ಓಣಿಯ ಗೋಡೆಗಳ ಮೇಲೆ 2019ರ ನೀರು ಮುಟ್ಟಿದ ಮಟ್ಟಕ್ಕೆ ಚಿತ್ರ ಬರೆಯಲಿ, ಅದನ್ನು ನೇಕಾರರ ಮನೆಯ ಮಕ್ಕಳೇ ಬರೆಯಲಿ. ಊಟ ಎಲೆಯಲ್ಲಿ, ನೀರು ಮಣ್ಣಿನ ಕುಡಿಕೆಯಲ್ಲಿ. ಸಂಜೆಗೆ ಚೌಡಿಕೆಯ ಪದ, ರಾತ್ರಿ ಸಣ್ಣಾಟ. ಭಾಷಣ ಬೇಡ, ನನ್ನದೂ ಬೇಡ. ಮುಂದಿನ ವರ್ಷ ಅದೇ ಹಬ್ಬ ಮೇಲಕ್ಕೆ ನಡೆದು ಎಂ.ಕೆ. ಹುಬ್ಬಳ್ಳಿಗೆ, ಸಂಗೊಳ್ಳಿಗೆ ಬರಲಿ, ಆಮೇಲೆ ಕಣಕುಂಬಿಗೆ.

ನಿಮ್ಮಿಂದ ಕೇಳುವುದು ಎರಡೇ. ಕಾಡಿನ ಅಂಚಿನ ಹಳ್ಳಿಗಳಿಂದ ಹತ್ತಿಪ್ಪತ್ತು ಮಂದಿಯಾದರೂ ಬಂದು, ಬೇಸಗೆಯಲ್ಲಿ ನಿಮ್ಮ ಯಾವ ಝರಿ ಎಷ್ಟು ದಿನ ಹರಿಯಿತು, ಯಾವುದು ಬೇಗ ನಿಂತಿತು ಎಂಬುದನ್ನು ಕೆಳಗಿನವರಿಗೆ ಹೇಳಬೇಕು. ವಿದ್ಯಾರ್ಥಿಗಳು ಈ ವರ್ಷದಿಂದಲೇ ಅದನ್ನು ವಹಿಯಲ್ಲಿ ಬರೆದಿಟ್ಟರೆ ಒಳ್ಳೆಯದು. ಎರಡನೆಯದು ದಿನಾಂಕ. ದವನದ ಹುಣ್ಣಿಮೆಗೆ ನಮ್ಮಲ್ಲಿ ಬಿಳಿಜೋಳದ ರಾಶಿ ಮುಗಿದಿರುತ್ತದೆ. ನಿಮ್ಮಲ್ಲಿ ಅದು ಗೇರುಬೀಜದ ಕೊಯ್ಲಿನ ಕಾಲವೆಂದು ಕೇಳಿದ್ದೇನೆ. ಎರಡು ದಿನ ತೋಟ ಬಿಟ್ಟು ಬರಲು ಆಗುತ್ತದೆಯೋ ಇಲ್ಲವೋ, ಇಲ್ಲವಾದರೆ ಯಾವ ವಾರ ಅನುಕೂಲವೆಂಬುದನ್ನು ಇಲ್ಲಿಯ ಹೆಣ್ಣುಮಕ್ಕಳನ್ನು ಮೊದಲು ಕೇಳಿ ತಿಳಿಸಿರಿ. ಕೊಯ್ಲಿನ ಕೆಲಸ ಹೆಚ್ಚಾಗಿ ಅವರದೇ.