ಅಡುಗೆಯವರು ಬ್ಯಾಕ್ಟೀರಿಯಾ, ದಿನಸಿ ಮಾತ್ರ ನಮ್ಮದೇ!

ಇವತ್ತಿನ ಎಪಿಸೋಡ್ ಅನ್ನು ನಾನು ಬೈಸಿಕೊಂಡ ಕಥೆಯಿಂದಲೇ ಶುರು ಮಾಡ್ತೀನಿ.

ಹೋದ ತಿಂಗಳು ಊರಿಂದ ದೊಡ್ಡಮ್ಮ ಫೋನ್ ಮಾಡಿದ್ರು. "ಲೋ ಮಗ, ನಿನ್ನ ಮಾತು ಕೇಳಿ ಕೆಟ್ಟೆ ಕಣೋ. ತೊಟ್ಟಿಯಲ್ಲಿದ್ದ ಅಜೋಲ್ಲಾ ಎಲ್ಲ ಕೆಂಪಗಾಗಿದೆ. ಈಗ ಹಸುಗೆ ಏನು ಹಾಕ್ಲಿ?" ಅಂದ್ರು. ತಪ್ಪು ನಂದೇ. ಯಾವುದೋ ರೀಲ್ ನೋಡಿ, "ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾ ಪುಡಿ ಹಾಕು ದೊಡ್ಡಮ್ಮ, ಸಗಣಿ, ಗೊಬ್ಬರ ಏನೂ ಬೇಕಾಗಿಲ್ಲ" ಅಂತ ಹೇಳಿಬಿಟ್ಟಿದ್ದೆ. ಎರಡು ಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕೋ ಮನೆ ಅದು. ಹಿಂಡಿ, ಬೂಸಾ ಖರ್ಚು ಸ್ವಲ್ಪ ಉಳೀಲಿ ಅಂತಲೇ ಅಜೋಲ್ಲಾ ಬೆಳೆಸ್ತಿದ್ದಿದ್ದು.

ಅಜೋಲ್ಲಾ ಅಂದ್ರೆ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು 20ರಿಂದ 30ರಷ್ಟು ಶೇಕಡಾ ಪ್ರೋಟೀನ್ ಇರುತ್ತೆ. ಪ್ರೋಟೀನ್ ಆಗಬೇಕಾದ್ರೆ ಸಾರಜನಕ ಬೇಕು. ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದ್ದರೂ ಗಿಡಗಳು ಅದನ್ನು ನೇರವಾಗಿ ತಗೊಳ್ಳೋಕಾಗಲ್ಲ. ಅಜೋಲ್ಲಾ ಎಲೆಯೊಳಗೆ ಸಣ್ಣ ಪೊಟರೆಗಳಿವೆ. ಅಲ್ಲಿ ಒಂದು ಜಾತಿಯ ಸಯನೋಬ್ಯಾಕ್ಟೀರಿಯಾ ಬಾಡಿಗೆ ಇಲ್ಲದೆ ವಾಸ ಮಾಡುತ್ತೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡೋದು ಅದೇ. ಹಾಗಾಗಿ ಅಜೋಲ್ಲಾಗೆ ಯೂರಿಯಾ ಬೇಕಿಲ್ಲ.

ಇನ್ನೊಂದು ಗಿಡ ಡಕ್‌ವೀಡ್. ಕೆರೆ ಮೇಲೆ ಯಾರೋ ಹಸಿರು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅದು. ಇದರಲ್ಲೂ ಪ್ರೋಟೀನ್ ಚೆನ್ನಾಗಿದೆ. ಇದೇ ಕುಟುಂಬದ ವುಲ್ಫಿಯಾವನ್ನು ಥಾಯ್ಲೆಂಡ್‌ನಲ್ಲಿ ಜನ ಊಟಕ್ಕೇ ಬಳಸ್ತಾರೆ. ಆದರೆ ಡಕ್‌ವೀಡ್‌ಗೆ ಅಜೋಲ್ಲಾ ಥರ ಮನೆಯೊಳಗಿನ ಬಾಡಿಗೆದಾರ ಇಲ್ಲ. ಅದರ ಬೇರಿನ ಮೇಲೆ, ಎಲೆಯ ಕೆಳಗೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಬದುಕ್ತವೆ. ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದವರು ಡಕ್‌ವೀಡ್ ಬೇರಿನಿಂದಲೇ ಪಿ23 ಅನ್ನೋ ತಳಿಯನ್ನು ಬೇರ್ಪಡಿಸಿದರು. ಅದನ್ನು ಶುದ್ಧ ಮಾಡಿದ ಡಕ್‌ವೀಡ್‌ಗೆ ಅಂಟಿಸಿದಾಗ ಬೆಳವಣಿಗೆ ಹೆಚ್ಚುಕಮ್ಮಿ ಎರಡು ಪಟ್ಟಾಯ್ತು.

ಮಣ್ಣಿನ ಬ್ಯಾಕ್ಟೀರಿಯಾಗಳೂ ಇಂಥ ಕೆಲಸ ಮಾಡ್ತವೆ. ನಮ್ಮ ಗೊಬ್ಬರದಂಗಡಿಯಲ್ಲಿ ಸಿಗೋ ಅಜೋಸ್ಪಿರಿಲಂ ಸಾರಜನಕ ಹಿಡಿಯುತ್ತೆ, ಬೇರು ಬೆಳೆಸೋ ಹಾರ್ಮೋನನ್ನೂ ತಯಾರಿಸುತ್ತೆ. ಪಿಎಸ್‌ಬಿ ಅಂತ ಮಾರೋದು ಮಣ್ಣಲ್ಲಿ ಗಟ್ಟಿಯಾಗಿ ಕೂತಿರೋ ರಂಜಕವನ್ನು ಕರಗಿಸಿ ಗಿಡಕ್ಕೆ ಸಿಗೋ ಹಾಗೆ ಮಾಡುತ್ತೆ.

ಹಾಗಾದ್ರೆ ದೊಡ್ಡಮ್ಮನ ಅಜೋಲ್ಲಾ ಕೆಂಪಾಗಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳೋದಾದ್ರೆ, ಬ್ಯಾಕ್ಟೀರಿಯಾ ಅಡುಗೆಯವರು, ದಿನಸಿ ಅಲ್ಲ. ಗಾಳಿಯಲ್ಲಿ ಸಾರಜನಕ ಇದೆ, ಅದಕ್ಕೇ ಅವು ತಂದುಕೊಡ್ತವೆ. ಆದರೆ ರಂಜಕ ಗಾಳಿಯಲ್ಲಿ ಇಲ್ಲ. ತೊಟ್ಟಿಯಿಂದ ದಿನಾ ಅರ್ಧ ಕೆಜಿ ಅಜೋಲ್ಲಾ ತೆಗೆದರೆ ಅದರ ಜೊತೆ ರಂಜಕವೂ ಆಚೆ ಹೋಗುತ್ತೆ. ತಳದಲ್ಲಿ ಹಾಕಿರೋ ಒಂದಿಷ್ಟು ಮಣ್ಣಲ್ಲಿ ಇದ್ದಷ್ಟನ್ನು ಬ್ಯಾಕ್ಟೀರಿಯಾ ಕರಗಿಸಬಹುದು. ಅದೂ ಖಾಲಿಯಾದ ಮೇಲೆ? ಬಿಸಿಲು ಜಾಸ್ತಿಯಾದ್ರೂ ಅಜೋಲ್ಲಾ ಕೆಂಪಾಗುತ್ತೆ, ರಂಜಕ ಸಾಲದಿದ್ರೂ ಕೆಂಪಾಗುತ್ತೆ. ದೊಡ್ಡಮ್ಮ ಮೇಲೆ ನೆರಳಿನ ಬಲೆ ಕಟ್ಟಿದ್ರು. ಉಳಿದಿದ್ದು ರಂಜಕವೇ.

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೊಟ್ಟಿಗೆ ಐದು ದಿನಕ್ಕೊಮ್ಮೆ ಒಂದು ಕೆಜಿ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ ಕಲಸಿ ಹಾಕೋದು ರೂಢಿಯಲ್ಲಿರೋ ಲೆಕ್ಕ. ದೊಡ್ಡಮ್ಮ ಮೊದಲು ಅದನ್ನೇ ಮಾಡ್ತಿದ್ರು. ನಾನು ನಿಲ್ಲಿಸಿದೆ! ಮತ್ತೆ ಶುರು ಮಾಡಿದರು. ಎರಡು ವಾರ ಕಳೆದ ಮೇಲೆ ವಾಟ್ಸಾಪ್‌ನಲ್ಲಿ ಹಸಿರು ತೊಟ್ಟಿಯ ಫೋಟೊ ಬಂತು. ಕೆಳಗೆ ಒಂದೇ ಸಾಲು: "ಇನ್ಮೇಲೆ ನೀನು ನನ್ನ ಕೇಳು."

ಇನ್ನೊಂದು ಎಚ್ಚರಿಕೆ. ಈ ಗಿಡಗಳು ನೀರಲ್ಲಿರೋ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಳ್ತವೆ. ಕೊಳಕು ನೀರು ಶುದ್ಧ ಮಾಡೋಕೆ ಡಕ್‌ವೀಡ್ ಬಳಸೋದು ಇದೇ ಗುಣಕ್ಕೆ. ಹಾಗಾಗಿ ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯಿಂದ ಬಾಚಿ ತಂದು ದನಕ್ಕೆ ಹಾಕಬೇಡಿ. ಒಳ್ಳೆ ನೀರಲ್ಲಿ ಬೆಳೆದಿದ್ದನ್ನೂ ಚೆನ್ನಾಗಿ ತೊಳೆದೇ ಕೊಡಿ.

ಬ್ಯಾಕ್ಟೀರಿಯಾ ಪ್ಯಾಕೆಟ್ ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಕೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಏನನ್ನು ತರುತ್ತೆ, ಎಲ್ಲಿಂದ ತರುತ್ತೆ? ಉತ್ತರ ಸಿಕ್ಕರೆ ಹಾಕಿ. ಸಿಗದಿದ್ರೆ ನಿಮ್ಮ ಮನೇಲೂ ಒಬ್ಬರು ದೊಡ್ಡಮ್ಮ ಇರ್ತಾರೆ, ಅವರನ್ನು ಕೇಳಿ.