ಹಾಕಿ ಪಂದ್ಯದಲ್ಲಿ ತಪ್ಪುಗಳೂ ಫ್ರೀ ಹಿಟ್ಟೂ

(ಊರ ಪಂದ್ಯಗಳಿಗೆ ಮುಂಚೆ, ಕೊಡಗಿನ ಒಂದು ಗ್ರಾಮದ ಯುವಕರ ಕೋರಿಕೆಯಂತೆ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ಭತ್ತ ಕಣಜ ಸೇರಿದೆ. ಕಾಫಿ ಕೊಯ್ಲೂ ಮುಗಿಯುತ್ತ ಬಂದಿದೆ. ಇನ್ನು ಮಳೆ ಹಿಡಿಯುವವರೆಗೆ ನಮ್ಮ ಕಡೆ ಹಾಕಿಯ ಕಾಲ. ಈ ಸಭೆಯಲ್ಲಿ ಗೊಬ್ಬರದ ವಿಷಯ, ಮೆಣಸಿನ ಬಳ್ಳಿಯ ರೋಗದ ವಿಷಯ ಕೇಳಿ ಅಭ್ಯಾಸವಾದವರಿಗೆ ಆಟದ ನಿಯಮದ ಭಾಷಣ ಹೊಸದೆನಿಸಬಹುದು. ಆದರೆ ಕೊಡಗಿನಲ್ಲಿ ಹಾಕಿಯ ಮಾತೇಕೆಂದು ಯಾರೂ ಕೇಳಲಾರರು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನಗಳ ನಡುವೆ ಹಾಕಿ ಪಂದ್ಯ ಹೂಡಿದರು. ಈಗ ಆ ಹಬ್ಬದಲ್ಲಿ ನೂರಾರು ಮನೆತನಗಳ ತಂಡಗಳು ಸೇರುತ್ತವೆ. ತಾತನೂ ಮೊಮ್ಮಗನೂ, ಅತ್ತಿಗೆಯೂ ಮೈದುನನೂ ಒಂದೇ ತಂಡದಲ್ಲಿ ನಿಂತು ಆಡುವುದನ್ನು ತಾವೆಲ್ಲ ಕಂಡಿದ್ದೀರಿ.

ಅದಕ್ಕಾಗಿಯೇ ಈ ಮಾತು ಬೇಕಾಗಿದೆ. ಒಂದೇ ಕಣದಲ್ಲಿ ಐವತ್ತು ದಾಟಿದವರೂ ಹದಿನಾಲ್ಕರ ಹುಡುಗರೂ ಓಡುವಾಗ ನಿಯಮ ತಿಳಿಯದೆ ಬೀಸಿದ ಒಂದು ಏಟು ಯಾರದೋ ಹಲ್ಲನ್ನೋ ಕಣ್ಣನ್ನೋ ತೆಗೆದೀತು. ಇನ್ನೊಂದು ಹಾನಿಯೂ ಇದೆ. ಅಂಪೈರ್ ಸೀಟಿ ಊದಿದರೆ ಏಕೆ ಊದಿದನೆಂದೂ, ಊದದಿದ್ದರೆ ಏಕೆ ಊದಲಿಲ್ಲವೆಂದೂ ಜಗಳ ಹುಟ್ಟುತ್ತದೆ. ಕಣದಲ್ಲಿ ಹುಟ್ಟಿದ ಜಗಳ ಕಣದಲ್ಲೇ ಮುಗಿಯುವುದಿಲ್ಲ. ಮಾರನೆಯ ದಿನ ಗದ್ದೆಗೆ ನೀರು ಬಿಡುವಾಗ, ಆಳು ಕೇಳಲು ಹೋದಾಗ, ಅದು ನೆನಪಿಗೆ ಬರುತ್ತದೆ. ನಾನು ಕಂಡಮಟ್ಟಿಗೆ ಇಂಥ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೆರೆಯ ಹೊರಗೆ ನಿಂತವರು ಎಬ್ಬಿಸಿದ್ದೇ. ಅವರು ಕೂಗುವುದು ತಾವು ಶಾಲೆಯಲ್ಲಿ ಕಲಿತ ನಿಯಮವನ್ನು ಹಿಡಿದು. ನಿಯಮ ಅಷ್ಟರಲ್ಲಿ ಬದಲಾಗಿರುತ್ತದೆ. ಆಫ್‌ಸೈಡ್ ಎಂಬುದನ್ನು 1990ರ ದಶಕದಲ್ಲೇ ತೆಗೆದುಹಾಕಿದರು. ಪಂದ್ಯದ ಆರಂಭಕ್ಕೆ ಬುಲ್ಲಿ ಹೊಡೆಯುವುದು ಅದಕ್ಕೂ ಹಿಂದೆಯೇ ಹೋಯಿತು. ಆದರೂ ಇಂದಿಗೂ ಗೋಲಿನ ಹಿಂದಿನಿಂದ ‘ಆಫ್‌ಸೈಡ್!’ ಎಂದು ಕೂಗುವ ಹಿರಿಯರು ಇದ್ದಾರೆ. ಅವರ ಉತ್ಸಾಹಕ್ಕೆ ನನ್ನ ನಮಸ್ಕಾರ.

ಮೊದಲು ಬುಡದ ಮಾತು. ಹಾಕಿಯಲ್ಲಿ ತಪ್ಪು ನಡೆದ ಮಾತ್ರಕ್ಕೆ ದಂಡನೆ ಇಲ್ಲ. ಆ ತಪ್ಪಿನಿಂದ ಎದುರು ಪಕ್ಷಕ್ಕೆ ನಷ್ಟವಾದರೆ ಮಾತ್ರ ದಂಡನೆ. ನೆರೆಯವನ ದನ ಬದು ದಾಟಿ ಬಂದು ಏನನ್ನೂ ಮೇಯದೆ, ತುಳಿಯದೆ ಹಿಂದಿರುಗಿದರೆ ನಾವು ಪಂಚಾಯಿತಿ ಸೇರಿಸುವುದಿಲ್ಲ. ಹಾಗೆಯೇ ಎದುರಾಳಿಯ ಕಾಲಿಗೆ ಚೆಂಡು ತಗುಲಿತು, ಆದರೆ ಚೆಂಡು ನಮ್ಮವನ ಕೋಲಿಗೇ ಬಂದು ಮುಂದೆ ದಾರಿ ತೆರೆದಿದೆ ಎನ್ನೋಣ. ಆಗ ಅಂಪೈರ್ ಸೀಟಿ ಊದಿದರೆ ನಷ್ಟ ಯಾರಿಗೆ? ನಮಗೇ. ಆದ್ದರಿಂದ ಅವನು ನಮ್ಮ ದಾಳಿಯ ದಿಕ್ಕಿಗೆ ಕೈಯನ್ನು ಮೇಲಕ್ಕೆ ಚಾಚಿ ಆಟ ಸಾಗಲೆಂದು ಸೂಚಿಸುತ್ತಾನೆ. ಇದಕ್ಕೆ ಅಡ್ವಾಂಟೇಜ್ ಎಂದು ಹೆಸರು. ಹೊರಗೆ ನಿಂತವರು ‘ಕಾಲು, ಕಾಲು’ ಎಂದು ಬೊಬ್ಬೆ ಹಾಕುತ್ತಾರೆ, ತಮ್ಮ ಆಟಗಾರನೂ ಆ ಬೊಬ್ಬೆ ಕೇಳಿ ನಿಂತುಬಿಡುತ್ತಾನೆ, ಚೆಂಡು ಕೈಬಿಡುತ್ತದೆ. ಸೀಟಿ ಕೇಳುವ ತನಕ ಆಡುತ್ತಲೇ ಇರಬೇಕೆಂಬುದನ್ನು ಯುವಕರು ದಯವಿಟ್ಟು ನೆನಪಿಡಿರಿ.

ಇನ್ನು ತಪ್ಪುಗಳು ಯಾವುವೆಂದು ನೋಡೋಣ. ಕಾಲಿಗಾಗಲಿ ಮೈಗಾಗಲಿ ಚೆಂಡು ತಗುಲುವುದು ತಾನಾಗಿಯೇ ತಪ್ಪಲ್ಲ. ಬೇಕೆಂದು ಮೈಯೊಡ್ಡಿದರೆ ಅಥವಾ ತಗುಲಿದ್ದರಿಂದ ಲಾಭವಾದರೆ ತಪ್ಪು. ಗೋಲಿಗೆ ಮಾತ್ರ ತನ್ನ ವೃತ್ತದೊಳಗೆ ಕಾಲಿನಿಂದ ಒದೆಯುವ ಅಧಿಕಾರವಿದೆ. ಕೋಲಿನ ಚಪ್ಪಟೆ ಮುಖದಿಂದಲೂ ಅಂಚಿನಿಂದಲೂ ಚೆಂಡಾಡಬಹುದು, ಉಬ್ಬಿದ ಬೆನ್ನಿನಿಂದ ಆಡಕೂಡದು. ಎದುರಾಳಿಯ ಕೋಲಿಗೆ ಹೊಡೆಯುವುದು, ಕೋಲನ್ನು ಅಡ್ಡ ಹಿಡಿಯುವುದು, ಭುಜದಿಂದ ನೂಕುವುದು, ಅಂಗಿ ಹಿಡಿದೆಳೆಯುವುದು, ಇವು ತಪ್ಪೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡಬೇಕಾದದ್ದು ಅಡ್ಡಗಟ್ಟುವಿಕೆ. ಇದರ ಮೇಲೆ ನಡೆಯುವಷ್ಟು ವಾದ ಬೇರಾವುದರ ಮೇಲೂ ಇಲ್ಲ. ಚೆಂಡು ನಿಮ್ಮದಿರುವಾಗ ನೀವು ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದು, ಓಡಬಹುದು. ಆದರೆ ಎದುರಾಳಿ ಚೆಂಡಿಗೆ ಕೈಹಾಕಲು ಬಂದಾಗ ನಿಮ್ಮ ಬೆನ್ನನ್ನೋ ಕೋಲನ್ನೋ ಮಧ್ಯೆ ಗೋಡೆಯಂತೆ ಒಡ್ಡಿ ನಿಲ್ಲಕೂಡದು, ಬೆನ್ನು ಕೊಟ್ಟು ಅವನ ಮೇಲೆ ಹಿಂದೆ ಸರಿಯಲೂ ಕೂಡದು. ಹಾಗೆಯೇ ಚೆಂಡಿನ ಹತ್ತಿರವೂ ಇಲ್ಲದವನು ತನ್ನ ಗೆಳೆಯನಿಗೆ ದಾರಿ ಮಾಡಿಕೊಡಲು ಎದುರಾಳಿಯ ಮುಂದೆ ಬಂದು ನಿಂತರೆ ಅದೂ ಅಡ್ಡಗಟ್ಟಿದಂತೆಯೇ. ಕಾಲ್ಚೆಂಡಾಟದಲ್ಲಿ ಬೆನ್ನು ಕೊಟ್ಟು ಚೆಂಡು ಕಾಯುವ ಅಭ್ಯಾಸವುಳ್ಳ ಹುಡುಗರು ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ಅಪಾಯದ ಆಟವನ್ನು ಕುರಿತು ಕೊಂಚ ಬಿಡಿಸಿ ಹೇಳುತ್ತೇನೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಅದು ಕಲ್ಲಿನಷ್ಟೇ ಗಟ್ಟಿ. ಗೋಲಿಗೆ ಗುರಿಯಿಟ್ಟ ಹೊಡೆತವೊಂದನ್ನು ಬಿಟ್ಟರೆ ಬೀಸಿ ಹೊಡೆದು ಚೆಂಡನ್ನು ಬೇಕೆಂದು ಮೇಲೆಬ್ಬಿಸಕೂಡದು. ಕೋಲಿನಿಂದ ಕೋರಿ ಎತ್ತಬಹುದು, ಚಿಮ್ಮಿಸಬಹುದು, ಆದರೆ ಅದೂ ಯಾರಿಗೂ ಅಪಾಯವಾಗದಂತೆ. ಎದುರಿಗೆ 5 ಮೀಟರಿನೊಳಗೆ ನಿಂತವನ ಕಡೆಗೆ ಎತ್ತಿದ ಚೆಂಡನ್ನು ಅಪಾಯವೆಂದೇ ಎಣಿಸುತ್ತಾರೆ. ಆಕಾಶದಿಂದ ಇಳಿಯುತ್ತಿರುವ ಚೆಂಡಿನ ಕೆಳಗೆ ಒಬ್ಬ ಕಾದು ನಿಂತಿದ್ದರೆ ಎದುರಾಳಿಗಳು ಅವನಿಂದ 5 ಮೀಟರ್ ದೂರವಿರತಕ್ಕದ್ದು. ಅವನು ಚೆಂಡನ್ನು ನೆಲಕ್ಕೆ ತಂದು ಹತೋಟಿಗೆ ತೆಗೆದುಕೊಂಡ ಮೇಲೆ ನುಗ್ಗಿರಿ. ಹಿಂದೆ ಕೋಲು ಹೆಗಲಿಗಿಂತ ಮೇಲೆ ಹೋದರೆ ಸಾಕು, ಸೀಟಿ ಬೀಳುತ್ತಿತ್ತು. ಈಗ ಹೆಗಲೆತ್ತರಕ್ಕಿಂತ ಮೇಲೆ ಬಂದ ಚೆಂಡನ್ನೂ ಆಡಬಹುದು, ಅಪಾಯವಿರಬಾರದು ಅಷ್ಟೆ. ನಮ್ಮ ಊರ ಪಂದ್ಯಗಳಲ್ಲಿ, ಹೆಂಗಸರೂ ಮಕ್ಕಳೂ ಜೊತೆಗಿರುವಾಗ, ಈ ಸಡಿಲಿಕೆಯನ್ನು ಉಪಯೋಗಿಸದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ಎರಡು ಕಡೆಯ ನಾಯಕರೂ ಒಪ್ಪಿ ಮೊದಲೇ ಅಂಪೈರಿಗೆ ತಿಳಿಸಿದರೆ ಯಾರೂ ಬೇಡವೆನ್ನಲಾರರು.

ಇನ್ನು ಫ್ರೀ ಹಿಟ್. ಇದನ್ನು ಶಿಕ್ಷೆಯೆಂದು ತಿಳಿಯುವುದಕ್ಕಿಂತ ನಷ್ಟ ತುಂಬಿಕೊಡುವ ಏರ್ಪಾಡೆಂದು ತಿಳಿದರೆ ನಿಯಮವೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ತಪ್ಪು ನಡೆದ ಜಾಗದ ಹತ್ತಿರವೇ ಚೆಂಡನ್ನಿಟ್ಟು, ಅದು ಅಲುಗಾಡದೆ ನಿಂತ ಮೇಲೆ ಆಡಬೇಕು. ಎದುರಾಳಿಗಳೆಲ್ಲ 5 ಮೀಟರ್, ಅಂದರೆ ಸಾಮಾನ್ಯ ನಡಿಗೆಯಲ್ಲಿ ಸುಮಾರು ಏಳು ಹೆಜ್ಜೆ ದೂರ ಸರಿಯಬೇಕು. ಹೊಡೆಯಬಹುದು, ತಳ್ಳಬಹುದು, ಕೋರಿ ಎತ್ತಲೂಬಹುದು. ಬೀಸುಹೊಡೆತದಿಂದ ಎಬ್ಬಿಸುವುದು ಮಾತ್ರ ಇಲ್ಲಿಯೂ ಕೂಡದು. ಹಿಂದೆ ಒಬ್ಬ ಹೊಡೆದರೆ ಇನ್ನೊಬ್ಬ ಮುಟ್ಟುವ ತನಕ ಅವನು ಮತ್ತೆ ಚೆಂಡು ಮುಟ್ಟುವಂತಿರಲಿಲ್ಲ. 2009ರಿಂದ ಈ ನಿಯಮ ಬದಲಾಯಿತು. ಈಗ ಅವನೇ ಚೆಂಡನ್ನು ಕದಲಿಸಿ ಅವನೇ ಓಡಿಸಿಕೊಂಡು ಹೋಗಬಹುದು. ‘ಎರಡು ಸಲ ಮುಟ್ಟಿದ!’ ಎಂಬ ಕೂಗಿಗೆ ಈಗ ಬೆಲೆಯಿಲ್ಲ.

ಕೆಲವರು ಜಾಣರಿದ್ದಾರೆ. ತಪ್ಪು ಮಾಡಿದವರೇ ಚೆಂಡನ್ನು ದೂರ ತಳ್ಳುತ್ತಾರೆ, ಇಲ್ಲವೇ ಕಟ್ಟೆಯಂತೆ ಎದುರಿಗೆ ನಿಂತು ‘ಇಷ್ಟು ದೂರ ಸಾಲದೇ?’ ಎಂದು ಅಂಪೈರನ್ನು ಕೇಳುತ್ತಾರೆ. ಅಷ್ಟು ಹೊತ್ತಿಗೆ ಅವರ ಕಡೆಯವರೆಲ್ಲ ಹಿಂದಕ್ಕೆ ಓಡಿ ತಮ್ಮ ಜಾಗ ಸೇರಿರುತ್ತಾರೆ. ನಷ್ಟ ತುಂಬಿಕೊಡುವ ಉದ್ದೇಶವೇ ಕೆಟ್ಟಿತಲ್ಲವೇ? ಆದುದರಿಂದ ಹಾಗೆ ಮಾಡಿದರೆ ಫ್ರೀ ಹಿಟ್ಟಿನ ಜಾಗವನ್ನು 10 ಮೀಟರಿನವರೆಗೆ ಮುಂದಕ್ಕೆ ಒಯ್ಯುವ ಅಧಿಕಾರ ಅಂಪೈರಿಗಿದೆ. ಅಂಪೈರುಗಳು ಇದನ್ನು ಧೈರ್ಯವಾಗಿ ಉಪಯೋಗಿಸಬೇಕು. ಒಂದು ಸಲ ಮುಂದಕ್ಕೊಯ್ದರೆ ಉಳಿದ ಆಟಕ್ಕೆಲ್ಲ ಏಳು ಹೆಜ್ಜೆಯ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ.

ಹಿಂದಿನ ಗೆರೆಯಿಂದ ಸುಮಾರು 23 ಮೀಟರಿಗೆ ಕಣದ ಅಡ್ಡಕ್ಕೂ ಒಂದು ಗೆರೆಯಿರುತ್ತದೆ. ದಾಳಿ ಮಾಡುವವರಿಗೆ ಆ ಗೆರೆಯೊಳಗೆ ಫ್ರೀ ಹಿಟ್ ದೊರೆತರೆ ನಿಯಮ ಬಿಗಿಯಾಗುತ್ತದೆ. ಕಾರಣವೂ ಸ್ಪಷ್ಟವಾಗಿದೆ. ಗೋಲಿನ ಮುಂದೆ ಜನ ಕಿಕ್ಕಿರಿದಿರುವಾಗ ದೂರದಿಂದ ಜೋರಾಗಿ ಚೆಂಡನ್ನು ನುಗ್ಗಿಸಿದರೆ ಯಾರ ಮೊಣಕಾಲಿಗೆ ಬೀಳುವುದೋ ಹೇಳಬರುವುದಿಲ್ಲ. ಆದ್ದರಿಂದ ಆ ಏಟಿನಲ್ಲೇ ಚೆಂಡನ್ನು ನೇರವಾಗಿ ವೃತ್ತದೊಳಕ್ಕೆ, ಅಂದರೆ ನಾವು ‘ಡಿ’ ಎನ್ನುವ ಜಾಗಕ್ಕೆ, ಕಳಿಸುವಂತಿಲ್ಲ. ಚೆಂಡು ಮೊದಲು 5 ಮೀಟರ್ ಸಾಗಿರಬೇಕು, ಇಲ್ಲವೇ ಕಾಯುವ ಪಕ್ಷದವನೊಬ್ಬ ಅದನ್ನು ಮುಟ್ಟಿರಬೇಕು. ತಪ್ಪು ನಡೆದದ್ದು ವೃತ್ತಕ್ಕೆ ತೀರ ಹತ್ತಿರವಾದರೆ ಚೆಂಡನ್ನು ವೃತ್ತದಿಂದ 5 ಮೀಟರ್ ಹೊರಕ್ಕೆ ತಂದು ಆಡತಕ್ಕದ್ದು. ಇದಕ್ಕಾಗಿಯೇ ವೃತ್ತದ ಹೊರಗೆ ತುಂಡು ತುಂಡಾದ ಗೆರೆ ಎಳೆದಿರುತ್ತಾರೆ. ನಮ್ಮ ಊರ ಮೈದಾನಗಳಲ್ಲಿ ಈ ಗೆರೆ ಹಾಕುವುದನ್ನು ಮರೆಯುತ್ತಾರೆ, ಆಮೇಲೆ ಅಲ್ಲಿಯೇ ವ್ಯಾಜ್ಯ ಹುಟ್ಟುತ್ತದೆ.

ವೃತ್ತದೊಳಗೆ ಕಾಯುವ ಪಕ್ಷ ತಪ್ಪಿದರೆ ಅದು ಫ್ರೀ ಹಿಟ್ಟಿನಿಂದ ತೀರುವ ನಷ್ಟವಲ್ಲ. ಆಗ ಪೆನಾಲ್ಟಿ ಕಾರ್ನರ್. ಆಗಬಹುದಾಗಿದ್ದ ಗೋಲನ್ನೇ ತಪ್ಪಿನಿಂದ ತಡೆದರೆ, ಅಥವಾ ಚೆಂಡು ಹಿಡಿದವನನ್ನು ಬೇಕೆಂದು ಕೆಡವಿದರೆ, ಗೋಲಿನಿಂದ 6.40 ಮೀಟರಿನಲ್ಲಿ ಚೆಂಡಿಟ್ಟು ಗೋಲಿಯೊಬ್ಬನೆದುರೇ ಪೆನಾಲ್ಟಿ ಸ್ಟ್ರೋಕ್. ವೃತ್ತದ ಹೊರಗಾದರೂ 23 ಮೀಟರ್ ಗೆರೆಯೊಳಗೆ ಬೇಕೆಂದು ಮಾಡಿದ ತಪ್ಪಿಗೂ ಪೆನಾಲ್ಟಿ ಕಾರ್ನರ್ ಕೊಡಬಹುದು. ‘ಡಿಯ ಹೊರಗಲ್ಲವೇ, ಕಾರ್ನರ್ ಹೇಗೆ?’ ಎಂದು ಕೇಳುವವರು ಇದನ್ನು ತಿಳಿದಿರಬೇಕು. ಕಾರ್ನರಿನಲ್ಲಿ ಗೋಲಿಯೂ ಸೇರಿ ಐವರಿಗಿಂತ ಹೆಚ್ಚು ಜನ ಕಾಯುವಂತಿಲ್ಲ, ಉಳಿದವರು ನಡುಗೆರೆಯ ಆಚೆಗಿರಬೇಕು. ಚೆಂಡು ವೃತ್ತದಿಂದ ಹೊರಕ್ಕೆ ಹೋಗಿ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು. ಮೊದಲ ಹೊಡೆತ ಬೀಸುಹೊಡೆತವಾದರೆ ಅದು ಗೋಲಿನ ಹಿಂದಿನ ಹಲಗೆಯ ಎತ್ತರವನ್ನು, ಅಂದರೆ 46 ಸೆಂಟಿಮೀಟರನ್ನು, ಮೀರಬಾರದು.

ವೃತ್ತದೊಳಗಿನ ಒಂದು ತಪ್ಪಿಗೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು 1975ರ ವಿಶ್ವಕಪ್ಪು ತೋರಿಸಿಕೊಟ್ಟಿತು. ನಮ್ಮ ಕೊಡಗಿನ ಬಿ. ಪಿ. ಗೋವಿಂದರು ಆ ಭಾರತ ತಂಡದಲ್ಲಿದ್ದರು. ಕೌಲಾಲಂಪುರದಲ್ಲಿ ಸೆಮಿಫೈನಲ್ ಪಂದ್ಯ, ಎದುರಿಗೆ ಆತಿಥೇಯ ಮಲೇಷ್ಯ. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ನಮ್ಮವರು 1-2ರಿಂದ ಹಿಂದಿದ್ದರು. ಆಗ ಪೆನಾಲ್ಟಿ ಕಾರ್ನರ್ ದೊರೆಯಿತು. ಬದಲಿಯಾಗಿ ಇಳಿದಿದ್ದ ಅಸ್ಲಂ ಶೇರ್ ಖಾನ್ ಅದನ್ನು ಗೋಲಾಗಿಸಿದರು. ಹೆಚ್ಚುವರಿ ವೇಳೆಯಲ್ಲಿ ಹರಚರಣ್ ಸಿಂಗ್ ಗೆಲುವಿನ ಗೋಲು ಹೊಡೆದರು. ಬಳಿಕ ಫೈನಲ್ ಪಂದ್ಯದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ಪನ್ನು ಪಡೆಯಿತು.

ಅಂಪೈರಿನ ಕೈಸನ್ನೆಗಳನ್ನು ತಿಳಿದಿದ್ದರೆ ಹೊರಗೆ ಕೂತವರ ಅರ್ಧ ಸಂಶಯ ಅಲ್ಲಿಯೇ ತೀರುತ್ತದೆ. ಒಂದು ಕೈಯನ್ನು ಹೆಗಲಿನ ಮಟ್ಟಕ್ಕೆ ಚಾಚಿದರೆ ಆ ದಿಕ್ಕಿಗೆ ದಾಳಿ ಮಾಡುವವರಿಗೆ ಫ್ರೀ ಹಿಟ್. ಎರಡು ಕೈಗಳನ್ನೂ ಗೋಲಿನತ್ತ ಚಾಚಿದರೆ ಪೆನಾಲ್ಟಿ ಕಾರ್ನರ್. ಕಾಲನ್ನು ಕೊಂಚ ಎತ್ತಿ ಕೈಯಿಂದ ಪಾದದ ಹತ್ತಿರ ಮುಟ್ಟಿ ತೋರಿಸಿದರೆ ಚೆಂಡು ಕಾಲಿಗೆ ತಗುಲಿದೆ. ಎದೆಯ ಮುಂದೆ ಎರಡು ತೋಳುಗಳನ್ನು ಕತ್ತರಿಯಂತೆ ಹಿಡಿದರೆ ಅಡ್ಡಗಟ್ಟಿದ್ದಾರೆ, ಒಂದೇ ತೋಳನ್ನು ಎದೆಗೆ ಓರೆಯಾಗಿಟ್ಟರೆ ಅಪಾಯದ ಆಟ. ಐದು ಬೆರಳು ಬಿಡಿಸಿ ಕೈಯನ್ನು ನೇರ ಮೇಲಕ್ಕೆತ್ತಿದರೆ ‘ದೂರ ಸರಿಯಿರಿ’ ಎಂದರ್ಥ.

ಕಾರ್ಡುಗಳ ವಿಷಯ ಬಹುಮಟ್ಟಿಗೆ ತಮಗೆ ಗೊತ್ತಿದೆ. ಹಸಿರಾದರೆ ಎರಡು ನಿಮಿಷ ಹೊರಗೆ, ಹಳದಿಯಾದರೆ ಕನಿಷ್ಠ ಐದು ನಿಮಿಷ, ಕೆಂಪಾದರೆ ಆ ಪಂದ್ಯದ ಮಟ್ಟಿಗೆ ಮುಗಿಯಿತು. ಅಂಪೈರಿಗೆ ಎದುರು ಮಾತನಾಡಿದ್ದಕ್ಕೂ ಕಾರ್ಡು ಬೀಳುತ್ತದೆ, ಆತ ನಿಮ್ಮ ಸೋದರಮಾವನೇ ಆಗಿರಲಿ.

ಪಂದ್ಯ ಆರಂಭವಾಗುವ ಮೊದಲೇ ಇಬ್ಬರು ನಾಯಕರೂ ಇಬ್ಬರು ಅಂಪೈರುಗಳೂ ಕಣದ ಸುತ್ತ ಒಂದು ಸಲ ನಡೆದು ಬರಲಿ. ಪೂರ್ಣ ಅಳತೆಯ ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ನಮ್ಮ ಗದ್ದೆಬಯಲು ಅಷ್ಟು ಉದ್ದವಿಲ್ಲ. ಆದ್ದರಿಂದ 23 ಮೀಟರ್ ಗೆರೆ ಎಲ್ಲಿ ಬರಬೇಕೆಂಬುದನ್ನು ಆಗಲೇ ಒಪ್ಪಿಕೊಳ್ಳಬೇಕು. ಬದುವಿನ ಮೊಂಡು, ಕೊಯ್ದ ಪೈರಿನ ಕೂಳೆ ಇದ್ದ ಕಡೆ ಚೆಂಡು ತಾನಾಗಿಯೇ ಪುಟಿಯುತ್ತದೆ. ಅಂಥ ಜಾಗವನ್ನು ಅಂಪೈರಿಗೆ ತೋರಿಸಿರಿ, ಸಾಧ್ಯವಾದರೆ ಹಿಂದಿನ ದಿನವೇ ಸಮ ಮಾಡಿರಿ. ಗೋಲಿನ ಹಿಂದೆ ಮಕ್ಕಳನ್ನು ಕೂರಿಸಬೇಡಿರಿ. ಗೋಲಿಗೆ ಹೊಡೆದ ಚೆಂಡಿಗೆ ಎತ್ತರದ ಮಿತಿಯಿಲ್ಲ, ಗುರಿ ತಪ್ಪಿದ್ದು ಅಲ್ಲಿಗೇ ಬರುವುದು.

ಕೇಳುವುದೇನಾದರೂ ಇದ್ದರೆ ಈಗ ಕೇಳಬಹುದು. ಹುಡುಗರು ಸುಣ್ಣವನ್ನೂ ಹಗ್ಗವನ್ನೂ ತಂದಿಟ್ಟಿದ್ದಾರೆ. ಬೆಳಕು ಇರುವಾಗಲೇ ಹೋಗಿ ವೃತ್ತವನ್ನೂ ಅದರ ಹೊರಗಿನ ತುಂಡು ಗೆರೆಯನ್ನೂ ಹಾಕಿಬಿಡೋಣ.