ಎರೆಯುವ ನೀರು, ತೊಡುವ ದೀಕ್ಷೆ

ನಮ್ಮ ಕಡೆಯ ಮಾತಿನಲ್ಲಿ ಕೂಸಿಗೆ ಸ್ನಾನ ಮಾಡಿಸುವುದಕ್ಕೆ ‘ಎರೆಯುವುದು’ ಎನ್ನುತ್ತಾರೆ. ಕಾಲು ನೀಡಿ ಕುಳಿತ ಅಜ್ಜಿ, ಆ ಕಾಲುಗಳ ಮೇಲೆ ಬೋರಲು ಮಲಗಿದ ಮೊಮ್ಮಗು, ಹದವಾಗಿ ಕಾದ ನೀರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯಾವ ಓಣಿಯಲ್ಲಿಯೂ ಬೆಳಗಿನ ಹೊತ್ತು ಕಾಣುವ ನೋಟವಿದು. ಎರೆಯುವವರು ಕೂಸಿನ ಅಪ್ಪಣೆ ಕೇಳುವುದಿಲ್ಲ. ಕೂಸು ಅಳುತ್ತದೆ, ಅಜ್ಜಿ ಎರೆಯುತ್ತಾಳೆ. ದೀಕ್ಷೆಯ ಮಾತು ಹಾಗಲ್ಲ. ದೀಕ್ಷೆಯನ್ನು ತಾನಾಗಿ ತೊಡಬೇಕು, ತಿಳಿದು ತೊಡಬೇಕು ಎಂಬ ಭಾವನೆ ನಮ್ಮ ಭಾಷೆಯಲ್ಲಿಯೇ ಅಡಗಿದೆ. ಕ್ರೈಸ್ತರು ಮಗುವಿಗೆ ಮಾಡಿಸುವ ಸಂಸ್ಕಾರಕ್ಕಾದರೋ ಕನ್ನಡದಲ್ಲಿ ‘ದೀಕ್ಷಾಸ್ನಾನ’ ಎಂಬ ಹೆಸರಿದೆ. ಇತರರು ಕೊಡುವ ಸ್ನಾನವೂ ತಾನು ತೊಡುವ ದೀಕ್ಷೆಯೂ ಒಂದೇ ಪದದಲ್ಲಿ ಸೇರಿಕೊಂಡಿವೆ. ಈ ಎರಡರ ನಡುವಿನ ಎಳೆದಾಟ ಒಂದು ಸಂಸಾರದಲ್ಲಿ ಹೇಗೆ ತಲೆದೋರಿತು ಎಂಬುದನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಗಂಗಾವತಿಯ ನನ್ನ ಮನೆಗೆ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯೊಡನೆ ಬಂದ. ಅವಳ ಮಡಿಲಲ್ಲಿ ಐದು ತಿಂಗಳ ಗಂಡು ಕೂಸು. ಹುಡುಗ ಕುಷ್ಟಗಿ ತಾಲ್ಲೂಕಿನ ಹಳ್ಳಿಯವನು. ಪರಿಶಿಷ್ಟ ಜಾತಿಗೆ ಸೇರಿದ ಹಿಂದೂ ಮನೆತನ. ಮನೆಯಲ್ಲಿ ಕಾಲೇಜು ಕಂಡ ಮೊದಲಿಗ. ಹುಡುಗಿ ಮುದಗಲ್ಲಿನ ಕ್ಯಾಥೊಲಿಕ್ ಮನೆತನದವಳು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಕುಷ್ಟಗಿಯೂ ಮುದಗಲ್ಲೂ ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. ಮುದಗಲ್ಲಿನ ಕೋಟೆಯನ್ನೂ ಅಲ್ಲಿನ ಮೊಹರಮ್ಮನ್ನೂ ಬಲ್ಲವರು ಬಹಳ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಜೆಸುಯಿಟ್ ಪಾದ್ರಿಗಳಿಂದ ಅಲ್ಲಿ ಒಂದು ಕ್ಯಾಥೊಲಿಕ್ ಸಮುದಾಯ ಬೇರೂರಿತೆಂಬುದನ್ನು ಬಲ್ಲವರು ಕಡಿಮೆ. ಹೀಗಾಗಿ ದೀಕ್ಷಾಸ್ನಾನ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದ ಪದ್ಧತಿಯೇನಲ್ಲ.

ಇವರ ಮದುವೆ ಧರ್ಮಾಧ್ಯಕ್ಷರ ಅನುಮತಿ ಪಡೆದು ಇಗರ್ಜಿಯಲ್ಲಿಯೇ ನಡೆದಿತ್ತು. ಅಂಥ ಮದುವೆಯಲ್ಲಿ ಕ್ಯಾಥೊಲಿಕ್ ಆದವರು ಒಂದು ವಾಗ್ದಾನ ಮಾಡಬೇಕಾಗುತ್ತದೆ: ಹುಟ್ಟುವ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಆ ಧರ್ಮದಲ್ಲಿ ಬೆಳೆಸಲು ತನ್ನಿಂದಾದುದೆಲ್ಲವನ್ನೂ ಮಾಡುವೆನು ಎಂದು. 1917ರ ಧರ್ಮಸಂಹಿತೆಯ ಕಾಲದಲ್ಲಿ ಈ ಭರವಸೆಯನ್ನು ಗಂಡ ಹೆಂಡತಿ ಇಬ್ಬರಿಂದಲೂ ಪಡೆಯುತ್ತಿದ್ದರು. 1970ರಲ್ಲಿ ಆರನೆಯ ಪೌಲ್ ಪೋಪರು ಈ ನಿಯಮವನ್ನು ಸಡಿಲಿಸಿದರು. ಈಗ ಅನ್ಯಧರ್ಮದ ಸಂಗಾತಿಗೆ ವಾಗ್ದಾನದ ವಿಷಯವನ್ನು ತಿಳಿಸುತ್ತಾರೆ. ಅದರಿಂದ ಅವರನ್ನು ಕಟ್ಟಿಹಾಕುವುದಿಲ್ಲ. ಹುಡುಗಿ ಮಾತು ಕೊಟ್ಟಿದ್ದಳು. ಹುಡುಗ ಆ ಮಾತನ್ನು ಕೇಳಿಸಿಕೊಂಡಿದ್ದ.

ಅವನ ಅಳುಕು ದೇವರದಲ್ಲ, ದಾಖಲೆಯದು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೆಯ ಪರಿಚ್ಛೇದದಂತೆ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸುವಂತಿರಲಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು; ಕ್ರೈಸ್ತರಿಗೆ ತೆರೆಯಲಿಲ್ಲ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಮೊದಲ ಪ್ರವರ್ಗದಲ್ಲಿ ಸೇರಿಸಲಾಗಿದೆ, ನಿಜ. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯಾಗಲಿ ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳಾಗಲಿ ಅದರಿಂದ ದೊರೆಯುವುದಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಬಂದಿತು. ಪುದುಚೇರಿಯ ಮಹಿಳೆಯೊಬ್ಬರು ಸರಕಾರಿ ಹುದ್ದೆಗಾಗಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ಅವರಿಗೆ ಶೈಶವದಲ್ಲಿ ದೀಕ್ಷಾಸ್ನಾನವಾಗಿತ್ತು; ಬೆಳೆದ ಮೇಲೆಯೂ ಇಗರ್ಜಿಗೆ ಹೋಗುತ್ತಿದ್ದರೆಂದು ವಿಚಾರಣೆಯಲ್ಲಿ ಕಂಡುಬಂದಿತು. ನ್ಯಾಯಾಲಯ ಪ್ರಮಾಣಪತ್ರವನ್ನು ನಿರಾಕರಿಸಿತು. ಆಕೆಯ ವಿರುದ್ಧ ನಿಂತ ಸಾಕ್ಷ್ಯಗಳಲ್ಲಿ ದೀಕ್ಷಾಸ್ನಾನದ ದಾಖಲೆಯೂ ಒಂದು.

ಹುಡುಗ ಈ ತೀರ್ಪನ್ನು ಓದಿದ್ದ. “ಸರ್, ಹುಡುಗನ ಹೆಸರಿನ್ಯಾಗ ಎರಡು ಗುಂಟೆ ಹೊಲ ಇದ್ರೂ ಅದನ್ನ ಮಾರಾಕ ಕೋರ್ಟಿನ ಒಪ್ಪಿಗಿ ಬೇಕಂತಾರ. ಇದನ್ನ ಬಿಟ್ಟುಕೊಡಾಕ ನಾ ಯಾರ ಒಪ್ಪಿಗಿ ಕೇಳ್ಲಿ?” ಎಂದ. ಅವನು ಹೇಳಿದ್ದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಮಾತು. ಅಪ್ರಾಪ್ತರ ಸ್ಥಿರಾಸ್ತಿಯನ್ನು ತಂದೆಯಾದವನೂ ನ್ಯಾಯಾಲಯದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ನಾನು ತಕ್ಷಣ ಉತ್ತರಿಸಲಾರದೆ ಹೋದೆ. ತಲೆಮಾರುಗಳ ಅವಮಾನಕ್ಕೆ ಪರಿಹಾರವೆಂದು ಸಂವಿಧಾನ ಕೊಟ್ಟ ಹಕ್ಕು ಆ ಕೂಸಿಗೂ ಹುಟ್ಟಿನಿಂದ ಬಂದದ್ದು. ಅದನ್ನು ತಂದೆ ಕಾಯಬೇಕೇ ಹೊರತು ಖರ್ಚು ಮಾಡಬಾರದು ಎಂಬ ಅವನ ವಾದದಲ್ಲಿ ಸ್ವಾರ್ಥವಿರಲಿಲ್ಲ.

ಮುಂದಿನ ಭಾನುವಾರ ಅವರೊಡನೆ ನಾನೂ ಮುದಗಲ್ಲಿಗೆ ಹೋದೆ. ಕೂಸಿನ ಅಜ್ಜಿ ನಮಗೆ ಚಹ ಕೊಟ್ಟು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಅಳಿಯನ ಮಾತನ್ನು ಪೂರ್ತಿ ಕೇಳಿ, “ಕೂಸಿನ್ನ ಕೇಳಿ ಹಾಲು ಕುಡಿಸೀರೇನಪ್ಪಾ? ಕೇಳಿ ಕನ್ನಡ ಕಲಸ್ತೀರೇನು? ದೇವರ ಹೆಸರೊಂದಕ್ಕ ಅದರ ಒಪ್ಪಿಗಿ ಯಾಕ ಬೇಕು?” ಎಂದರು. ಓದು ಬರಹ ಅಷ್ಟಿಲ್ಲದ ಆ ತಾಯಿ ಆಡಿದ್ದು ಸಣ್ಣ ಮಾತಲ್ಲ. 1980ರಲ್ಲಿ ಶಿಶುಗಳ ದೀಕ್ಷಾಸ್ನಾನವನ್ನು ಕುರಿತು ರೋಮಿನಿಂದ ಹೊರಟ ಸೂಚನೆಯೂ ಇದನ್ನೇ ವಾದಿಸುತ್ತದೆ. ತಂದೆತಾಯಿಗಳು ಮಗುವಿನ ಪರವಾಗಿ ಆಯ್ಕೆ ಮಾಡದೆ ಇರಲಾರರು. ಏನನ್ನೂ ಕೊಡದೆ ಬೆಳೆಸುತ್ತೇವೆ ಎಂಬುದೂ ಒಂದು ಆಯ್ಕೆಯೇ. ಈ ಪ್ರಶ್ನೆ ಕ್ರೈಸ್ತರಿಗಷ್ಟೇ ಸೇರಿದ್ದೂ ಅಲ್ಲ. ಲಿಂಗಾಯತರಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟಿಸುವ ಪದ್ಧತಿಯುಂಟು. ದೀಕ್ಷೆ ತಿಳಿವು ಬಂದ ಮೇಲಿನದು. ಮುಸಲ್ಮಾನರ ಮನೆಯಲ್ಲಿ ಹಸುಗೂಸಿನ ಕಿವಿಯಲ್ಲಿ ಆಜಾನ್ ಹೇಳುತ್ತಾರೆ. ಯಾವ ಕೂಸನ್ನೂ ಯಾರೂ ಕೇಳುವುದಿಲ್ಲ. ಮನೆಯವರು ತಮ್ಮಲ್ಲಿರುವ ಒಳ್ಳೆಯದನ್ನು ಮೊದಲು ಕೊಡುತ್ತಾರೆ; ಕೂಸು ದೊಡ್ಡದಾದ ಮೇಲೆ ಅದನ್ನು ಉಳಿಸಿಕೊಳ್ಳುತ್ತದೆ ಇಲ್ಲವೆ ಬಿಡುತ್ತದೆ.

ಹಾಗಾದರೆ ಅಜ್ಜಿಯ ಹಾಲಿಗೂ ಅಳಿಯನ ಹೊಲಕ್ಕೂ ತೀರ್ಪು ಹೇಗೆ? ಎರಡು ದಾರಿಗಳು ಮೊದಲು ಕಣ್ಣಿಗೆ ಬೀಳುತ್ತವೆ. ಎರಡೂ ಅಡ್ಡದಾರಿಗಳೆಂದೇ ನನ್ನ ಅಭಿಪ್ರಾಯ.

ಮೊದಲನೆಯದು ಗುಟ್ಟು. ಇಗರ್ಜಿಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು. ಅಥವಾ ತಂದೆಗೆ ತಿಳಿಯದಂತೆ ಅಜ್ಜಿ ಅಡುಗೆಮನೆಯಲ್ಲಿಯೇ ಮೂರು ಬಾರಿ ನೀರು ಹನಿಸಿ ತ್ರಿತ್ವದ ಹೆಸರು ಹೇಳಿಬಿಡುವುದು. ಪ್ರಾಣಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ಹೀಗೆ ದೀಕ್ಷಾಸ್ನಾನ ಕೊಡಬಹುದೆಂಬ ನಿಯಮ ಆ ಧರ್ಮದಲ್ಲಿ ಇದೆ. ಆ ನಿಯಮ ಒಮ್ಮೆ ತಂದ ಅನಾಹುತವನ್ನು ಚರಿತ್ರೆ ಮರೆತಿಲ್ಲ. ಇಟಲಿಯ ಬೊಲೋನ್ಯದಲ್ಲಿ ಎಡ್ಗಾರ್ದೋ ಮೊರ್ತಾರ ಎಂಬ ಯೆಹೂದಿ ಕೂಸು ಕಾಯಿಲೆ ಬಿದ್ದಾಗ, ಸಾಯಬಹುದೆಂದು ಹೆದರಿದ ಮನೆಗೆಲಸದ ಹುಡುಗಿ ಗುಟ್ಟಾಗಿ ನೀರು ಹನಿಸಿದಳು. ಕೂಸು ಬದುಕಿತು. ಗುಟ್ಟು ಹೊರಬಿದ್ದು, 1858ರಲ್ಲಿ, ಹುಡುಗನಿಗೆ ಆರು ವರ್ಷವಿದ್ದಾಗ, ಪೋಪರ ಆಡಳಿತದ ಪೊಲೀಸರು ಅವನನ್ನು ತಂದೆತಾಯಿಗಳಿಂದ ಕಸಿದೊಯ್ದರು. ಕ್ರೈಸ್ತನಾದವನನ್ನು ಯೆಹೂದಿಗಳು ಬೆಳೆಸಬಾರದೆಂಬುದು ಅಂದಿನ ಕಾನೂನು. ಅವನು ಮರಳಿ ಮನೆಗೆ ಬರಲಿಲ್ಲ. ಪಾದ್ರಿಯಾಗಿ 1940ರಲ್ಲಿ ತೀರಿಕೊಂಡ. ನೀರು ಹನಿಸಿದವಳ ಮನಸ್ಸಿನಲ್ಲಿದ್ದದ್ದು ಕರುಣೆಯೇ. ಗುಟ್ಟಿನಲ್ಲಿ ಮಾಡಿದ ಕರುಣೆ ಒಂದು ಮನೆಯನ್ನು ಮುರಿಯಿತು.

ಇಂಥ ಅವಸರದ ಬೇರಿನಲ್ಲಿದ್ದದ್ದು ಭಯ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳಿಗೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ನಡುವಿನ ಲಿಂಬೊ ಎಂಬ ತಾಣವೇ ಗತಿ ಎಂದು ಶತಮಾನಗಳ ಕಾಲ ಜನ ನಂಬಿದ್ದರು. ಅದನ್ನು ಕ್ಯಾಥೊಲಿಕ್ ಧರ್ಮಸಭೆ ಸಿದ್ಧಾಂತವೆಂದು ಎಂದೂ ಸಾರಿದ್ದಲ್ಲ. 2007ರಲ್ಲಿ ಅದರ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಅಂಥ ಕೂಸುಗಳೂ ದೇವರ ಕರುಣೆಗೆ ಪಾತ್ರವಾಗುತ್ತವೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದು ಹೇಳಿತು. ನಾನು ಈ ಮಾತನ್ನು ಅಜ್ಜಿಯವರಿಗೆ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, ಹುಟ್ಟಿದ ದಿನವೇ ತಾವು ಕಳೆದುಕೊಂಡ ಒಂದು ಮಗುವಿನ ಮಾತು ಎತ್ತಿದರು. ಆ ದುಃಖಕ್ಕೆ ಅವರ ಮನಸ್ಸಿನಲ್ಲಿ ಎಷ್ಟು ವಯಸ್ಸಾಗಿತ್ತೆಂದು ಆಗ ನನಗೆ ತಿಳಿಯಿತು.

ಎರಡನೆಯ ಅಡ್ಡದಾರಿ ತೋರಿಕೆ. ಹಿರಿಯರ ಬಾಯಿ ಮುಚ್ಚಿಸಲು ಒಂದು ದಿನ ಸಂಸ್ಕಾರ ಮಾಡಿಸಿ, ಊಟ ಹಾಕಿಸಿ, ಫೋಟೊ ತೆಗೆಸಿ, ಮಾರನೆಯ ದಿನ ಮರೆತುಬಿಡುವುದು. ಇದನ್ನು ಆ ಧರ್ಮದ ಕಾನೂನೇ ಒಪ್ಪುವುದಿಲ್ಲ. 1983ರ ಧರ್ಮಸಂಹಿತೆಯಂತೆ ಶಿಶುವಿಗೆ ದೀಕ್ಷಾಸ್ನಾನ ಕೊಡಲು ಎರಡು ಬೇಕು: ತಂದೆತಾಯಿಗಳಲ್ಲಿ ಒಬ್ಬರಾದರೂ ಒಪ್ಪಬೇಕು, ಮಗು ಆ ಧರ್ಮದಲ್ಲಿ ಬೆಳೆದೀತೆಂಬ ಆಧಾರವುಳ್ಳ ಭರವಸೆ ಇರಬೇಕು. ಆ ಭರವಸೆ ಸ್ವಲ್ಪವೂ ಇಲ್ಲದಿದ್ದರೆ ಕಾರಣವನ್ನು ತಿಳಿಸಿ ಸಂಸ್ಕಾರವನ್ನು ಮುಂದೂಡಬೇಕು. ಮುಂದೂಡುವುದು ಬೇರೆ, ನಿರಾಕರಿಸುವುದು ಬೇರೆ. 1969ರಲ್ಲಿ ಬಂದ ಹೊಸ ವಿಧಿಯನ್ನು ನೋಡಿದರೂ ಇದೇ ಮನವರಿಕೆಯಾಗುತ್ತದೆ. ಹಿಂದೆ ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸನ್ನು ಒಯ್ಯುತ್ತಿದ್ದರು; ಬಾಣಂತಿ ಎಷ್ಟೋ ಸಲ ಮನೆಯಲ್ಲಿಯೇ ಉಳಿಯುತ್ತಿದ್ದಳು; ಹೊಣೆಗಾರರಾಗಿ ನಿಂತವರು ಕೂಸಿನ ಪರವಾಗಿ ಉತ್ತರ ಕೊಡುತ್ತಿದ್ದರು. ಹೊಸ ವಿಧಿಯಲ್ಲಿ ಪಾದ್ರಿ ಕೇಳುವುದು ತಂದೆತಾಯಿಗಳನ್ನೇ, ಅದೂ ಅವರ ಮಾತೃಭಾಷೆಯಲ್ಲಿ. ಮಗುವಿಗೆ ಯಾವ ಹೆಸರಿಡುತ್ತೀರಿ, ಧರ್ಮಸಭೆಯಿಂದ ಏನನ್ನು ಬಯಸುತ್ತೀರಿ, ಹೊರಲಿರುವ ಹೊಣೆ ನಿಮಗೆ ತಿಳಿದಿದೆಯೇ ಎಂಬುದು ಆ ಪ್ರಶ್ನೆಗಳ ಸಾರ. ಹೆಸರೂ ಸಂತರದೇ ಆಗಬೇಕೆಂದಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾಗದಿದ್ದರೆ ಸಾಕು. ಹಾಗಾಗಿ ಅಪ್ಪಟ ಕನ್ನಡದ ಹೆಸರೂ ಸಲ್ಲುತ್ತದೆ.

ಹೀಗೆ ನೋಡಿದಾಗ, ದೀಕ್ಷಾಸ್ನಾನದ ದಿನ ದೀಕ್ಷೆ ತೊಡುವವರು ತಂದೆತಾಯಿಗಳು. ಮಗುವಿನದು ಸ್ನಾನ ಮಾತ್ರ. ಮಗುವಿಗೆ ಮಾಡಿಸಬೇಕೋ ಬೇಡವೋ ಎಂಬುದಕ್ಕೆ ಮುಂಚೆ, ನಾವು ಹತ್ತು ವರ್ಷ ಏನು ಮಾಡಬಲ್ಲೆವು ಎಂದು ಅವರು ಕೇಳಿಕೊಳ್ಳಬೇಕು. ನಮ್ಮ ನಾಡಿನ ಕಾನೂನೂ ಬೆಳವಣಿಗೆಯನ್ನೇ ನೋಡುತ್ತದೆಂಬುದು ಗಮನಿಸತಕ್ಕ ಸಂಗತಿ. ತಂದೆತಾಯಿಗಳಲ್ಲಿ ಒಬ್ಬರು ಮಾತ್ರ ಹಿಂದೂ ಆಗಿದ್ದರೆ, ಮಗು ಅವರ ಸಮುದಾಯದಲ್ಲಿ ಬೆಳೆದಿದ್ದರೆ ಅದು ಹಿಂದೂ ಎನ್ನುತ್ತದೆ 1955ರ ಹಿಂದೂ ವಿವಾಹ ಕಾಯ್ದೆ. ಧರ್ಮಸಂಹಿತೆಯೂ ಕಾಯ್ದೆಯೂ ಕೊನೆಗೆ ಕೇಳುವುದು ಒಂದನ್ನೇ: ಈ ಮಗು ಯಾವ ಮನೆಯಲ್ಲಿ, ಹೇಗೆ ಬೆಳೆಯಿತು?

ಆ ದಂಪತಿಗಳು ಮೂರು ವಾರ ಯೋಚಿಸಿದರು; ಪಾದ್ರಿಗಳನ್ನು ಕಂಡು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಕಡೆಗೆ ಕಾಯಲು ನಿರ್ಧರಿಸಿದರು. ಏಳು ವರ್ಷ ತುಂಬಿ ತಿಳಿವು ಬಂದವರನ್ನು ಧರ್ಮಸಂಹಿತೆ ದೀಕ್ಷಾಸ್ನಾನದ ಮಟ್ಟಿಗೆ ವಯಸ್ಕರೆಂದೇ ಎಣಿಸುತ್ತದೆ. ಅವರ ಇಚ್ಛೆಯನ್ನು ಅವರನ್ನೇ ಕೇಳಬೇಕು. ಅಲ್ಲಿಯವರೆಗೆ ತಾಯಿ ತನ್ನ ಪ್ರಾರ್ಥನೆಯನ್ನು ಮಗನ ಎದುರೇ ಮಾಡುವಳು, ಹಬ್ಬಗಳಿಗೆ ಅವನನ್ನು ಮುದಗಲ್ಲಿಗೆ ಕರೆದೊಯ್ಯುವಳು. ತಂದೆ ತನ್ನ ಹಿರಿಯರು ಪಟ್ಟ ಪಾಡನ್ನೂ ಅಂಬೇಡ್ಕರರ ಕಥೆಯನ್ನೂ ಹೇಳುವನು. ಮಗ ಕೇಳಿದ ದಿನ, ಆ ನೀರಿನಿಂದ ಬರುವುದೇನು, ಹೋಗುವುದೇನು ಎರಡನ್ನೂ ಇಬ್ಬರೂ ಕೂಡಿ ಹೇಳಬೇಕು. ತನ್ನಿಂದಾದುದನ್ನು ಮಾಡುವೆನೆಂಬ ವಾಗ್ದಾನ ಇದರಿಂದ ಮುರಿಯಲಿಲ್ಲವೇ ಎಂದು ಹುಡುಗಿ ನನ್ನನ್ನು ಕೇಳಿದಳು. ಆಗುವಷ್ಟನ್ನು ಪ್ರತಿದಿನ ಮಾಡುವವರ ಮಾತು ಮುರಿಯುವುದಿಲ್ಲವಮ್ಮ ಎಂದೆ. ಅವಳು ತಲೆದೂಗಿದಳು, ಪೂರ್ತಿ ಸಮಾಧಾನವಾಗಿತ್ತೆಂದು ನಾನು ಹೇಳಲಾರೆ.

ಇನ್ನೊಂದು ಮನೆ ಇನ್ನೊಂದು ತೀರ್ಮಾನಕ್ಕೆ ಬಂದೀತು. ಎರಡೂ ಕಡೆಯ ಹಿರಿಯರನ್ನು ಕರೆದು, ಕಳೆದುಕೊಳ್ಳುವುದನ್ನು ತಿಳಿದೇ ಕಳೆದುಕೊಂಡು, ಎಲ್ಲರೆದುರು ಆ ನೀರನ್ನು ಎರೆಸೀತು. ಅದಕ್ಕೂ ನಾನು ಕೈಮುಗಿಯುತ್ತೇನೆ. ಆದರೆ ಕೇಳುಗರೇ, ಒಂದು ಮಾತನ್ನು ಹೇಳದೆ ಮುಗಿಸಲಾರೆ. ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಧರ್ಮಸ್ವಾತಂತ್ರ್ಯವನ್ನು ಕೊಟ್ಟಿದೆ. ಆ ಸ್ವಾತಂತ್ರ್ಯವನ್ನು ಬಳಸಲು ಮೇಲ್ಜಾತಿಯ ಮಗು ಏನನ್ನೂ ತೆರಬೇಕಾಗಿಲ್ಲ. ದಲಿತರ ಮಗು ಮಾತ್ರ ಬೆಲೆ ತೆರಬೇಕು. ಈ ವ್ಯತ್ಯಾಸ ಸಲ್ಲದೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿಯೇ ವರದಿ ಮಾಡಿತ್ತು. ಒಂದು ಹಿಡಿ ನೀರಿನ ಮುಂದೆ ಆ ತಂದೆಯನ್ನು ತಡೆದು ನಿಲ್ಲಿಸಿದ್ದು ಅತ್ತೆಯ ಭಕ್ತಿಯಲ್ಲ, ತನ್ನ ನಾಸ್ತಿಕತೆಯಲ್ಲ. ನಾವು ಬರೆದುಕೊಂಡ ಒಂದು ಪರಿಚ್ಛೇದ.

ನಾವು ಹೊರಡುವ ಹೊತ್ತಿಗೆ ಅಂದು ಅಜ್ಜಿ ಹಿತ್ತಿಲಲ್ಲಿ ಕೂಸಿಗೆ ಎರೆಯುತ್ತಿದ್ದರು. ಅಳಿಯ ಬಿಸಿನೀರಿನ ಕೊಡ ತಂದು ಪಕ್ಕದಲ್ಲಿಟ್ಟು, ಬೆರಳದ್ದಿ ಬಿಸಿ ನೋಡಿದ. “ಸ್ವಲ್ಪ ತಣ್ಣೀರ ಬೆರಸಪ್ಪಾ” ಎಂದರು ಅವರು. ಅವನು ಬೆರೆಸಿದ.